ಬಾಡಿಗೆಯ ಬೆಳಕು

ಮಂಜೇಶ್ವರದ ಹಾರ್ಬರಿನಲ್ಲಿ ಬೆಳಗಿನ ನಾಲ್ಕೂವರೆ.
ಪುಡಿಗೆ ಹೋಗುವ ರಾಶಿಯಿಂದ
ಅಪ್ಪಿ ಮೆಂಡನ್ ಅದನ್ನು ಎತ್ತಿ ಹಿಡಿದಳು:
"ಇದೆಂಥದ್ದು ಮಾರಾಯ, ಬಾಯಿಗೇ ಬಾಲ ಅಂಟಿಸಿದ ಹಾಗೆ!"

ಮುಷ್ಟಿಯಷ್ಟು ಗಾತ್ರ. ತಳ ಹಿಡಿದ ಪಾತ್ರೆಯ ಕರಿ.
ಹಣೆಯಿಂದ ಒಂದು ಕಡ್ಡಿ, ಕಡ್ಡಿಯ ತುದಿಗೆ
ಬೆಂದ ಸಾಬಕ್ಕಿಯಂಥ ಗುಳ್ಳೆ,
ಆರಿಹೋದದ್ದು.

ಆಳನೀರಿನ ಸಿಗಡಿಗೆ ಬಿಟ್ಟ ಬಲೆಯಲ್ಲಿ ಬಂತಂತೆ.
ಡ್ರೈವರ್ ಮೊಯ್ದು ನನ್ನ ಕಡೆ ನೋಡಿ ನಕ್ಕ:
"ನಿನ್ನದೇ ಕಸುಬು. ಇದೂ ಲೈಟ್ ಬೋಟು."

ಹೌದು, ನನ್ನ ಕೆಲಸ ಜನರೇಟರಿನದ್ದು.
ನಡುಕತ್ತಲೆಯಲ್ಲಿ ದೋಣಿ ನಿಲ್ಲಿಸಿ
ಎಂಟು ಬಲ್ಬು ನೀರಿಗೆ ಇಳಿಬಿಟ್ಟು ಕೂತರಾಯಿತು.
ಕರೆಯಬೇಕೆಂದಿಲ್ಲ. ಬೊಂಡಾಸು ಬರುತ್ತದೆ,
ಅದರ ಹಿಂದೆ ಬಂಗುಡೆ,
ಬೆಳಕೆಂದರೆ ಊಟವೆಂದು
ಹುಟ್ಟುವಾಗಲೇ ಯಾರೋ ಕಿವಿಯಲ್ಲಿ ಊದಿದ ಹಾಗೆ.

ಇದಕ್ಕೆ ಡೀಸೆಲ್ಲೂ ಬೇಡ.
ಮೀನಿನ ಕಾಲೇಜಿನಲ್ಲಿ ಓದುವ ಮೊಯ್ದುವಿನ ಮಗಳು ಹೇಳಿದ್ದು:
ಗುಳ್ಳೆಯೊಳಗೆ ಕಣ್ಣಿಗೆ ಕಾಣದ ಜೀವಿಗಳ ಒಕ್ಕಲು,
ಬೆಳಕು ಅವುಗಳದ್ದು. ಅನ್ನ ನೆಲೆ ಕೊಟ್ಟು
ಬಾಡಿಗೆಗೆ ಹಿಡಿದದ್ದು.
ನಮ್ಮ ಜನರೇಟರೂ ಬಾಡಿಗೆಯದ್ದೇ, ಉಪ್ಪಳದಿಂದ.

ಸೂರ್ಯನ ಹೆಸರನ್ನೂ ಕೇಳದ ಆಳ.
ಅಟ್ಟಿಸಿಕೊಂಡು ಹೋಗುವುದಿಲ್ಲ, ಅದು.
ಕಡ್ಡಿಯನ್ನು ಒಮ್ಮೆ ಅಲುಗಿಸುತ್ತದೆ,
ಹುಳ ಮಿಸುಕಿದ ಹಾಗೆ. ಮತ್ತೆ ಸುಮ್ಮನೆ.
ಹಸಿದ ಪುಟ್ಟ ಮೀನು ಹತ್ತಿರ ಬರುತ್ತದೆ, ಮೂಸುತ್ತದೆ,
ಒಂದು ಗಳಿಗೆ ಅನುಮಾನಿಸುತ್ತದೆ ಕೂಡ.
ಬಾಯಿ ತೆರೆದದ್ದು ಯಾರಿಗೂ ಕಾಣುವುದಿಲ್ಲ.
ನೀರೇ ಒಳಗೆ ನುಗ್ಗುತ್ತದೆ,
ನೀರಿನ ಜೊತೆ ಅದೂ.

ಅಪ್ಪಿ ಹೆಬ್ಬೆರಳಲ್ಲಿ ಹಲ್ಲು ತಡವಿದಳು:
ಒಳಕ್ಕೆ ಒತ್ತಿದರೆ ಬಾಗುತ್ತವೆ, ಬಹಳ ಸಾಧು.
ಹೊರಕ್ಕೆ ಎಳೆದಾಗ, ಅಯ್ಯಬ್ಬಾ,
ಒಂದು ಹನಿ ರಕ್ತ.
ಸಿಟ್ಟಲ್ಲಿ ಕತ್ತಿ ಹಾಕಿ ಸೀಳಿದಳು.
ಹೊಟ್ಟೆಯ ಒಳಗೋಡೆಗೂ ಮಸಿ ಬಳಿದಿತ್ತು.
ನುಂಗಿದ್ದು ಮಿನುಗುವ ಮೀನಾದರೆ
ಬೆಳಕು ಹೊರಗೆ ಸೋರಬಾರದಲ್ಲ.

ಅಪ್ಪ ಶಿರಿಯದ ಅಳಿವೆಯಲ್ಲಿ ಸೂಟೆ ಬೀಸಿ ಏಡಿ ಹಿಡಿಯುತ್ತಿದ್ದ.
ಸಾರಿಗಾಗುವಷ್ಟು ಸಿಕ್ಕಿತೋ, ಸೂಟೆಯನ್ನು ಮರಳಿಗೆ ಗುದ್ದಿ ಆರಿಸುತ್ತಿದ್ದ.
"ಸಾಕು. ಅವಕ್ಕೂ ಕತ್ತಲೆ ಬೇಕು."
ನಾವು ಆರಿಸುವುದು
ಇಲಾಖೆಯ ಬೋಟು ಕಂಡರೆ ಮಾತ್ರ.

ಅಪ್ಪಿ ಅದನ್ನು ರಾಶಿಗೇ ಎಸೆದಳು, ಕಿಲೋಗೆ ಹದಿನೆಂಟು.
ಹರಾಜಿನ ಕಟ್ಟೆಯಲ್ಲಿ ಟ್ಯೂಬ್‌ಲೈಟು ಹತ್ತಿತು.
ಕತ್ತಲೆಯಿಂದ ಒಬ್ಬೊಬ್ಬರೇ ಅದರ ಕೆಳಗೆ ಬಂದು ಸೇರತೊಡಗಿದರು.
ನಾನೂ ಹೋಗಿ ನಿಂತೆ.