ವಾಚಂಗಡಿಯಲ್ಲಿ ಮಣ್ಣು

ಮನಿಪ್ಲಾಂಟಿನ ಬೇರು, ಒಂದು ಚಮಚ ಮಣ್ಣು
ಸಾಸರಿನಲ್ಲಿ ಹಿಡಿದು
ದುರ್ಗಿಗುಡಿಯ ಗೌಸಣ್ಣನ ವಾಚಂಗಡಿಗೆ ಹೋದೆ.
ಎಲೆ ಹಳದಿ. ನೀರೆರೆದಷ್ಟೂ ಸೊರಗು.

ಕಣ್ಣಿಗೆ ಲೆನ್ಸು ಸಿಕ್ಕಿಸಿ
ಚಿಮುಟದ ತುದಿಯಲ್ಲಿ ಕೆದಕಿದರು.
ಚಿಮ್ಮಿತೊಂದು ಬಿಳಿ ಚುಕ್ಕೆ.
‘ಇದು ಸ್ಪ್ರಿಂಗು! ನಮ್ಮ ಕರಿಬೇವಿನ ಕುಂಡದಲ್ಲೂ ಇದೆ,
ಪಾಪದ್ದು, ಕೊಳೆತದ್ದಷ್ಟೇ ತಿನ್ನೋದು.’

ಆಮೇಲೆ ಬಹಳ ಹೊತ್ತು ಮಾತಿಲ್ಲ.
ಗೋಡೆಯ ಗಡಿಯಾರಗಳೆಲ್ಲ
ಒಂದೊಂದು ಒಂದೊಂದು ಹೊತ್ತು ಹೇಳುತ್ತಿದ್ದವು.

‘ಬೇರಿಗೆ ಹಿಟ್ಟು ಮೆತ್ತಿದ ಹಾಗಿದೆಯಲ್ಲ,
ಇದಕ್ಕೆ ಕಾಲಿದೆ ಮೇಡಂ.
ಗಂಟೆ ಮುಳ್ಳಿನ ಹಾಗೆ,
ನೋಡ್ತಾ ಕೂತರೆ ನಡೆಯೋದಿಲ್ಲ.’

ನಾನೂ ಬಗ್ಗಿದೆ.
ಇಷ್ಟು ದಿನ ಗೊಬ್ಬರದ ಕಾಳೆಂದು
ಎಷ್ಟು ಅಕ್ಕರೆಯಿಂದ ಮುಚ್ಚಿದ್ದೆ ಮಣ್ಣು!

ದುಡ್ಡು ಬೇಡವೆಂದರು.
ಸಾಸರು ಮಾತ್ರ
ಬಿಸಿನೀರಲ್ಲಿ ತೊಳೀರಿ, ಎಂದರು.