ಟಕ್, ಸರ್ರ್

"ಅಬ್ಬೂ, ನೀನು ಕೊನೆಯಿಂದ ಶುರುಮಾಡಿದ್ದೀಯ," ಅಂದಳು ಉಜ್ಮಾ.
ಜಪಾನಿನವರ ಚಿತ್ರದ ಕಥೆ, ಮಾಂಗಾ ಅಂತೆ,
ಬಲದಿಂದ ಎಡಕ್ಕೆ ಓದಬೇಕಂತೆ.
ನನಗೇನು ಹೊಸದಲ್ಲ.
ಬೆಳಿಗ್ಗೆ ಆರಕ್ಕೆ ಮಸೀದಿಯ ಚಾಪೆಯಲ್ಲಿ ಬಲದಿಂದ ಎಡಕ್ಕೆ,
ಹತ್ತಕ್ಕೆ ಶಿಡ್ಲಘಟ್ಟದ ಸರ್ಕಾರಿ ಶಾಲೆಯಲ್ಲಿ ಎಡದಿಂದ ಬಲಕ್ಕೆ.
ಎರಡು ದಿಕ್ಕಿಗೂ ನಾನು ದಡ್ಡನೇ.

ಗೆಳತಿಯ ಪುಸ್ತಕ, ನಾಳೆ ವಾಪಸು ಕೊಡಬೇಕು.
ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ, ಚಿತ್ರ ನೋಡಿದೆ.
ದಿನವಿಡೀ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ
ತುದಿ ಬೆಂದ ಬೆರಳಿಗೆ
ಹಾಳೆ ಎರಡೆರಡಾಗಿ ಮಗುಚುತ್ತದೆ.

ಒಬ್ಬ ಹುಡುಗಿ. ಎಡಗಾಲಿಗೆ ಕಬ್ಬಿಣದ ಪಟ್ಟಿ.
ಶಾಲೆಯ ಉದ್ದನೆ ಕಾರಿಡಾರು, ಬಣ್ಣವಿಲ್ಲ, ಬರೀ ಮಸಿ.
ಪಾದದ ಹತ್ತಿರ ದೊಡ್ಡದಾಗಿ ಅವರ ಭಾಷೆಯ ಅಕ್ಷರ,
ಒಂದು ನೆಟ್ಟಗೆ, ಒಂದು ವಾಲಿದ್ದು.
ಮಾತನ್ನೆಲ್ಲ ಇಂಗ್ಲಿಷಿಗೆ ತಂದವರು
ಅದನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.
"ಅದು ಸದ್ದು ಅಬ್ಬೂ. ಯಾವ ಸದ್ದೋ ನನಗೂ ಗೊತ್ತಿಲ್ಲ."

ನನಗೆ ಗೊತ್ತು.

ಏಳನೇ ಕ್ಲಾಸು, ಬಿ ಸೆಕ್ಷನ್ನು, ಪಿಳ್ಳವೆಂಕಟರಾಯ.
ಮೊದಲು ಕಬ್ಬಿಣ ಸಿಮೆಂಟಿಗೆ ತಾಗುವುದು, ಟಕ್.
ಆಮೇಲೆ ಬೂಟು ಎಳೆದುಕೊಂಡು ಬರುವುದು, ಸರ್ರ್.
ಅದನ್ನು ಬಾಯಲ್ಲಿ ಮೊದಲು ಮಾಡಿದವನು ನಾನು.
ಚೆನ್ನಾಗಿ ಮಾಡುತ್ತಿದ್ದೆ.
ನನ್ನ ಳಕಾರ ಕೇಳಿ ಬಿದ್ದುಬಿದ್ದು ನಗುತ್ತಿದ್ದ ಹುಡುಗರು
ಅವತ್ತು ಮೊದಲ ಸಲ ನನ್ನ ಜೊತೆ ನಕ್ಕರು.
ಎಷ್ಟು ಹಗುರವಾಗಿತ್ತು ಆ ಬೆಳಿಗ್ಗೆ.

ವಾರದೊಳಗೆ ನಲವತ್ತು ಬಾಯಿ.
ಅವನು ಎದ್ದರೆ ಟಕ್, ನೀರು ಕುಡಿಯಲು ಹೋದರೆ ಸರ್ರ್.
ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ್ದರು.
ಬೆನ್ನು ಅಲುಗುತ್ತಿತ್ತು,
ಬರೆಯುವುದಕ್ಕೋ ನಗುವುದಕ್ಕೋ.

ಈ ಪುಸ್ತಕದಲ್ಲೂ ಒಂದು ಬೆನ್ನಿದೆ,
ಒಂದು ಇಡೀ ಚೌಕದ ತುಂಬ.
ಬರೆದವರು ಯಾವ ಊರಿನ ಶಾಲೆಗೆ ಹೋಗಿದ್ದರೋ!
ಕೋರೆಹಲ್ಲಿನ ಖಳರು ಯಾರೂ ಇಲ್ಲ.
ಅಮ್ಮನ ಕೈ ಹಿಡಿದು ರಸ್ತೆ ದಾಟುವ,
ಬುತ್ತಿ ಹಂಚಿಕೊಂಡು ತಿನ್ನುವ ಮಕ್ಕಳೇ
ಅವಳ ಪಟ್ಟಿಯನ್ನು ಬಚ್ಚಿಡುತ್ತಾರೆ.

ನಾವು ಬಚ್ಚಿಟ್ಟದ್ದು ಶಾಲೆಯ ಹಿಂಗೋಡೆಗೆ
ಯಾರೋ ಬಿಸಿಲಿಗೆ ಒರಗಿಸಿದ್ದ ಚಂದ್ರಿಕೆಗಳ ಸಂದಿಯಲ್ಲಿ.
ಮಂಡಿಯ ಹತ್ತಿರ ಹುಣ್ಣಾಗಿ, ಊಟದ ಹೊತ್ತು ಬಿಚ್ಚಿಡುತ್ತಿದ್ದ.
ಗಂಟೆ ಹೊಡೆಯಿತು.
ಅವನು ಯಾರನ್ನೂ ಕೇಳಲಿಲ್ಲ. ಕೈಯೂರಿ ಅಂಗಳ ದಾಟಿದ.
ಆಗ ಬೇರೆಯೇ ಸದ್ದು,
ಅಂಗೈಯದು, ಮಣ್ಣಿನದು, ಖಾಕಿ ಚಡ್ಡಿಯದು.
ಅದನ್ನು ಮಾಡಿ ತೋರಿಸಲು ನನಗೆ ಬರಲಿಲ್ಲ.

ಅವನ ತಾಯಿ ಬಂದಳು,
ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಗೇಟಿಗೆ ಇಳಿಸಿ.
"ಎವರಪ್ಪಾ ತೀಸಿಂದಿ?"
ಬಯ್ಯಲಿಲ್ಲ. ಹೊಲದಲ್ಲಿ ಕಳೆದ ಕುಡುಗೋಲು
ಯಾರಿಗಾದರೂ ಸಿಕ್ಕಿತಾ ಅನ್ನುವ ಹಾಗೆ ಕೇಳಿದಳು.
ಪಿಳ್ಳವೆಂಕಟರಾಯ ನನ್ನನ್ನೇ ನೋಡಿದ.
"ನಾನೇ ಎಲ್ಲೋ ಇಟ್ಟೆನಮ್ಮ," ಅಂದ.

ಕೊನೆಯ ಪುಟ ನಾನು ಮೊದಲೇ ನೋಡಿಬಿಟ್ಟಿದ್ದೆ.
ಬಸ್ ಸ್ಟ್ಯಾಂಡಿನ ಬೆಂಚು, ಅವಳು, ಪಟ್ಟಿ ಬಚ್ಚಿಟ್ಟವಳು,
ಇಬ್ಬರ ನಡುವೆ ಮುರಿದ ಒಂದು ಬನ್ನು.

ಪಿಳ್ಳವೆಂಕಟರಾಯ ಈಗ ಗೂಡಿನ ಮಾರ್ಕೆಟ್ಟಿನಲ್ಲಿ
ತೂಕದ ಹತ್ತಿರ ಕೂರುತ್ತಾನೆ.
ಹೊರಗೆ ಮೂರು ಗಾಲಿಯ ಸ್ಕೂಟರು.
ನನ್ನ ಲಾಟಿನ ತೂಕವನ್ನು ಒಂದು ಗ್ರಾಮೂ ಹೆಚ್ಚಿಸದೆ,
ಒಂದು ಗ್ರಾಮೂ ಇಳಿಸದೆ ಬರೆಯುತ್ತಾನೆ.
"ಹೆಸರು?"
ಹನ್ನೊಂದು ವರ್ಷದಿಂದ ಪ್ರತಿ ಸಲ ಕೇಳುತ್ತಾನೆ.
"ಇಲಿಯಾಜ್," ಅನ್ನುತ್ತೇನೆ.
ತಲೆ ಎತ್ತದೆ ಬರೆದುಕೊಳ್ಳುತ್ತಾನೆ.

"ಅಬ್ಬೂ, ಗೊತ್ತು ಅಂದೆಯಲ್ಲ, ಯಾವ ಸದ್ದು?"
ಗೊತ್ತು ಅಂತ ಬಾಯಿಬಿಟ್ಟು ಹೇಳಿದ್ದೆನಾ?
ನಾಲಿಗೆಯ ತುದಿ ಆಗಲೇ ಮಡಿಚಿ, ಅಂಗುಳಕ್ಕೆ ಅಂಟಿ,
ಟಕಾರಕ್ಕೆ ತಯಾರಾಗಿ ನಿಂತಿತ್ತು.
ಮೂವತ್ತೊಂದು ವರ್ಷವಾಯಿತು.
ಒಂಚೂರೂ ಮರೆತಿಲ್ಲ ಅದು.