ಹಾಯಿಹಲಗೆ

ಹಾಲೆಂಡಿನ ಹಾಯಿಗೆ ಅರವತ್ತೆರಡು ಸಾವಿರ.
ಸುಂಕ ಬೇರೆ. ಹೋದ ಸಲದ ಕಂಬ
ದೇವನಹಳ್ಳಿ ಗೋದಾಮಿನಲ್ಲಿ ಇನ್ನೂ ಮಲಗೇ ಇದೆ,
ರಸೀದಿ ಸುತ್ತಿಕೊಂಡು.

ಕಲಾಸಿಪಾಳ್ಯದಲ್ಲಿ ಆಟೋ ಟಾಪು ಹೊಲಿಯುವ
ಮಸ್ತಾನ್ ಸಾಬರ ಮುಂದೆ ಹರಿದದ್ದನ್ನೇ ಹಾಸಿದೆ.
ಬೆರಳಲ್ಲಿ ಉಜ್ಜಿದರು, ಮೂಸಿದರು.
“ಕಡಲೆಲ್ಲಿದೆ ಸ್ವಾಮಿ ಇಲ್ಲಿ?”
ಕೆರೆ, ಅಂದೆ. ಹೊಸಕೋಟೆ.
ದಾರ ಕಚ್ಚಿ ತುಂಡರಿಸಿ, ಮತ್ತೆ:
“ಗಾಳಿ ಯಾವ ಕಡೆಯಿಂದ?”

ಹಾಲೆಂಡಿನವರ ಫಾರಮ್ಮಿಗೆ
ಎತ್ತರ, ತೂಕ, ಪಿನ್‌ಕೋಡು ತುಂಬಿದ್ದೆ;
ಗಾಳಿಗೆ ಖಾನೆ ಇರಲಿಲ್ಲ.
ಕೈ ಎತ್ತಿ ತೋರಿಸಹೋದೆ,
ಫ್ಲೈಓವರು ಅಡ್ಡ ಬಂತು.

ನಾನೂರೈವತ್ತು ರೂಪಾಯಿ. ಹಳದಿ ತೇಪೆಯ ಮೇಲೆ
ಯಾರದೋ ಆಟೋದ ಅರ್ಧ ಬರಹ: “ಶೀರ್ವಾದ”.
ಭಾರ ಜಾಸ್ತಿ, ಸುಳ್ಳು ಹೇಳಲಾರೆ.
ನೀರಿಗಿಳಿದರೆ ಪ್ರತಿ ಸಲವೂ ಎಡ ದಂಡೆಗೇ ಎಳೆಯುತ್ತದೆ,
ಅಲ್ಲಿ ಯಾರೋ ಕೈ ಅಡ್ಡ ಹಿಡಿದಂತೆ.